ಜಂತ್ರಡಿ

ಮೊದಲ ಸಲ ಮುಟ್ಟಾದಾಗ ಎಷ್ಟು ವಯಸ್ಸು?
ಕಾರವಾರದ ದೊಡ್ಡಾಸ್ಪತ್ರೆ, ಹನ್ನೊಂದನೇ ನಂಬರಿನ ಕೋಣೆ.
ಡಾಕ್ಟರ್ ಫಿಲೋಮಿನಾ ತಲೆಯೆತ್ತದೆ ಕೇಳುತ್ತಾರೆ,
ನಾನು ಚಿಲ್ಲರೆ ಎಣಿಸಿದ ಹಾಗೆ ಎಣಿಸುತ್ತೇನೆ:
ಹತ್ತು ತುಂಬಿ ಎರಡು ತಿಂಗಳು.
ಐದನೇ ಕ್ಲಾಸಿನ ಮಗ್ಗಿ ಪುಸ್ತಕದ ಮೇಲೆ ಕೈಯಿಟ್ಟು
ಹಿತ್ತಿಲ ಬಾಗಿಲಲ್ಲಿ ಕೂತಿದ್ದೆ.

ಎಷ್ಟು ದಿನಕ್ಕೊಮ್ಮೆ?
ಇಪ್ಪತ್ಮೂರು, ಇಪ್ಪತ್ನಾಲ್ಕು.
ತಿಂಗಳು ತುಂಬುವ ಮೊದಲೇ ಬಂದು ನಿಲ್ಲುತ್ತಿತ್ತು.
ಎಷ್ಟು ದಿನ ಹೋಗುತ್ತೆ?
ಎಂಟು. ಒಮ್ಮೊಮ್ಮೆ ಒಂಬತ್ತು.
ನೋವು?

ಟಿಕೆಟ್ಟು ಹರಿದು ಕೊಡುವ ಕಾಲದಿಂದ
ಮಷೀನಿನ ಕಾಲದವರೆಗೆ, ಮೇಡಂ.
ಕುಮಟಾ–ಕಾರವಾರ ಲೋಕಲ್, ಹಟ್ಟಿಕೇರಿಯ ಗುಂಡಿ,
ದುಡ್ಡಿನ ಚೀಲವನ್ನು ಕಿಬ್ಬೊಟ್ಟೆಗೆ ಒತ್ತಿ ಹಿಡಿದು
"ಹೋಲ್ಡಾನ್" ಅಂತ ನಾನು ಕೂಗಿದ್ದು ಎಷ್ಟೋ ಸಲ
ಡ್ರೈವರಿಗಲ್ಲ.

ತಾಯಿಗೆ ಇತ್ತೇ? ಅಕ್ಕತಂಗಿಯರಿಗೆ?
ಅವ್ವಿಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ.
ಬಿಸಿ ಮಾಡಿದ ಹಂಚಿನ ಚೂರನ್ನು ಹಳೆ ಸೀರೆಯಲ್ಲಿ ಸುತ್ತಿ
ಹೊಟ್ಟೆಗೆ ಕಟ್ಟಿಕೊಂಡು, ಇಳಿತದ ಹೊತ್ತಿಗೆ
ಬಳಚು ಹೆಕ್ಕಲು ಅಘನಾಶಿನಿಗೆ ಇಳಿಯುವಳು.
ಸೊಂಟದ ಮಟ್ಟ ನೀರಲ್ಲಿ ನಿಂತರೆ ಹಗುರ ಆಗ್ತದೆ, ಎನ್ನುವಳು.
ಅಕ್ಕ ಬೀರಮ್ಮನಿಗೆ ಮೈಮೇಲೆ ಏನೋ ಬರುತ್ತದೆ ಎಂದರು,
ತಾಯತ ಕಟ್ಟಿದರು, ಮೂರು ಅಮಾವಾಸ್ಯೆ ನಿವಾಳಿಸಿದರು.
ಡಾಕ್ಟರ್ ಇಬ್ಬರನ್ನೂ ಒಂದೇ ಗೆರೆಯ ಮೇಲೆ ಬರೆದುಕೊಂಡರು:
ಇದೆ.
ಇಬ್ಬರು ಹೆಂಗಸರ ಅರವತ್ತು ವರ್ಷ, ಎರಡಕ್ಷರ.

ಮಕ್ಕಳು?
ಇಲ್ಲ.
ಅದೂ ಪಟ್ಟಿಯಲ್ಲಿದೆ, ಎಂದರು.
"ಹಡೆಯದಿದ್ದರೆ ಹೀಗೇ ಆಗೋದು" ಎಂಬ ಅತ್ತೆಯ ಮಾತು
ಬಿಳಿ ಕೋಟು ತೊಟ್ಟು ಎದುರಿಗೆ ಕೂತಂತಾಯಿತು.
ಮೇಡಂ, ಹಡೆಯದ್ದಕ್ಕೆ ಇದು ಬಂತೋ
ಇದು ಬಂದದ್ದಕ್ಕೆ ಹಡೆಯಲಿಲ್ಲವೋ?
ಪೆನ್ನು ನಿಂತಿತು.
ಪಟ್ಟಿ ಅದನ್ನು ಹೇಳುವುದಿಲ್ಲ, ಎಂದರು.

ಆಮೇಲೆ ಚೀಟಿಯ ಬೆನ್ನಿಗೆ ಚಿತ್ರ ಬರೆದರು.
ಒಂದು ಗರ್ಭಕೋಶ, ಅದಕ್ಕೆರಡು ಕೊಂಬು.
ಹೊರಗೆ ಹೋಗಬೇಕಾದ ರಕ್ತ ಒಂದಿಷ್ಟು ಹಿಂದಕ್ಕೆ ಹರಿದು
ನಾಳ ಹಾದು ಹೊಟ್ಟೆಯೊಳಗೆ ಬೀಳುತ್ತದಂತೆ.
ಜೊತೆಗೆ ಹೋದ ಒಳಪದರದ ಚೂರು
ಅಂಡಾಶಯದ ಮೇಲೆ, ಕರುಳಿನ ಬೆನ್ನಿಗೆ ಅಂಟಿಕೊಂಡು
ತಿಂಗಳು ತಿಂಗಳು ಅಲ್ಲೇ ಮುಟ್ಟಾಗುತ್ತದಂತೆ.
ಇದೊಂದು ಊಹೆ, ಎಂದು ಸೇರಿಸಿದರು.

ನಾನು ಊಹಿಸಬೇಕಾಗಿರಲಿಲ್ಲ.
ಅಪ್ಪ ಗಜನಿಯ ಜಂತ್ರಡಿ ಕಾಯುತ್ತಿದ್ದ.
ಹಲಗೆ ಎತ್ತಿದರೆ ಗದ್ದೆಯ ನೀರು ಹೊಳೆಗೆ,
ಭರತದ ಹೊತ್ತು ಇಳಿಸಲು ಮರೆತರೆ ಹೊಳೆಯೇ ಗದ್ದೆಗೆ.
ಒಂದು ರಾತ್ರಿ ಏಡಿ ಕೊರೆದ ತೂತು,
ಬೆಳಗಾಗುವಾಗ ಕಟ್ಟೆಯೊಳಗೆಲ್ಲ ಉಪ್ಪು.

ಹಾಗಾದರೆ ನನ್ನ ಜಂತ್ರಡಿ ಸಡಿಲ, ಎಂದೆ.
ಇಲ್ಲ, ಎಂದರು. ಹೆಚ್ಚುಕಡಿಮೆ ಎಲ್ಲ ಹೆಂಗಸರಲ್ಲೂ
ಒಂಚೂರು ಹಿಂದಕ್ಕೆ ಹರಿಯುತ್ತದೆ.
ಕೆಲವರಲ್ಲಿ ಮಾತ್ರ ಯಾಕೆ ಬೇರು ಬಿಡುತ್ತದೋ
ನಮಗೂ ಇನ್ನೂ ಗೊತ್ತಿಲ್ಲ.

ಇಪ್ಪತ್ತೊಂದು ವರ್ಷದಲ್ಲಿ
ಗೊತ್ತಿಲ್ಲ ಎಂದವರು ಇವರೊಬ್ಬರೇ.
ಉಳಿದವರಿಗೆಲ್ಲ ಗೊತ್ತಿತ್ತು:
ಬಸ್ಸಿನ ಕುಲುಕಾಟ, ತಂಪು ತಿಂದದ್ದು, ನಾಗದೋಷ,
ಗಂಡಸರ ಕೆಲಸಕ್ಕೆ ಹೋದದ್ದು.

ವಾಪಸು ಬರುವಾಗ ಸೀಟಿನಲ್ಲಿ ಕೂತೆ.
ಹೊಸ ಹುಡುಗ, ಸೊನ್ನೆ ರೂಪಾಯಿಯ ಟಿಕೆಟ್ಟು ಕೊಟ್ಟ.
ಕಿಟಕಿಯಾಚೆ ಗಜನಿ,
ಉಪ್ಪುನೀರಲ್ಲಿ ಕೊರಳಮಟ್ಟ ನಿಂತ ಕಗ್ಗ.
ಉದುರಿದಲ್ಲೇ ಮೊಳೆಯುವ ಈ ಮೊಂಡು ಭತ್ತವನ್ನು
ಹೊಗಳಿ ಹೊಗಳಿ ಬೆಳೆದವಳು ನಾನು.
ಇವತ್ತು ಮುಖ ತಿರುಗಿಸಿದೆ.

ಮನೆಯಲ್ಲಿ ಅಕ್ಕನ ಮಗಳು ಧನ್ಯಾ, ಹನ್ನೊಂದು ವರ್ಷ,
ಬಿಸಿನೀರಿನ ಬಾಟಲಿ ತಬ್ಬಿ ಮಗುಚಿ ಮಲಗಿದ್ದಾಳೆ.
ಬೀರಮ್ಮ ಒಲೆಯ ಬಳಿಯಿಂದಲೇ:
"ಏನಿಲ್ಲ, ಎಲ್ಲರಿಗೂ ಆಗೋದೇ."
ಅವ್ವಿಯ ಮಾತು. ಅದೇ ದನಿ.

ಚಪ್ಪಲಿ ಬಿಡದೆ ಹುಡುಗಿಯ ಪಕ್ಕ ಕೂತೆ,
ಚೀಲದಿಂದ ಟ್ರಿಪ್ ಶೀಟಿನ ಖಾಲಿ ಹಾಳೆ ತೆಗೆದೆ.
ಯಾವ ತಾರೀಕಿಗೆ ಶುರುವಾಯಿತು?
ಎಲ್ಲಿ ನೋಯ್ತದೆ? ಬೆರಳಿಟ್ಟು ತೋರಿಸು.

ಅವಳು ಒಲೆಯ ಕಡೆ ನೋಡಿದಳು.
ಆಮೇಲೆ ನನ್ನ ಕಡೆ.
ಬೆರಳಿಟ್ಟಳು.